ಹತ್ತೇ ನಿಮಿಷ ಓಡುವ ಎಂಜಿನ್ ಮಹಾಶಯರಿಗೆ

ಇವಾನ್ಯಿತ್ಸಾ ಊರಿನ ಮೇಲುಗುಡ್ಡ, ಸರ್ಬಿಯಾ
ಜುಲೈ ತಿಂಗಳ ಮಂಗಳವಾರ, ಬೆಳಿಗ್ಗೆ

ಮಾನ್ಯ ಎಂಜಿನ್ ಮಹಾಶಯರೇ,

ನಮ್ಮ ಪುಟ್ಟ ಕೆಂಪು ಟ್ರ್ಯಾಕ್ಟರಿನ ಮುಂಭಾಗದಲ್ಲಿ ವಿರಾಜಮಾನರಾಗಿರುವ, ಹದಿನಾಲ್ಕು ಕುದುರೆಗಳ ಶಕ್ತಿಯನ್ನು ಒಂದೇ ಸಿಲಿಂಡರಿನಲ್ಲಿ ಅಡಗಿಸಿಟ್ಟುಕೊಂಡು ಅದನ್ನು ಯಾರಿಗೂ ತೋರಿಸದಿರುವಷ್ಟು ವಿನಯವಂತರಾದ ತಮಗೆ, ರಾಸ್ಪ್‌ಬೆರಿ ಬೆಳೆಗಾರಳಾದ ವಿದೊಸಾವಾ ಮಾಡುವ ಬಿನ್ನಹಗಳು. ತಾವೂ ತಮ್ಮ ಪಿಸ್ಟನ್ನೂ ಬೆಲ್ಟೂ ಸಹಕುಟುಂಬ ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವಾಗಿಲ್ಲ. ತಮಗೆ ಖಾಸಗಿಯಾಗಿ ಹೇಳಿದ ಮಾತುಗಳನ್ನು ಕೇಳಿ ಪಕ್ಕದ ಮನೆಯವರು ಮೊಮ್ಮಕ್ಕಳನ್ನು ಒಳಗೆ ಕರೆದುಕೊಂಡಿದ್ದರಿಂದ, ಇನ್ನು ಮುಂದೆ ಬಹಿರಂಗವಾಗಿ, ಆದರೆ ಸಭ್ಯವಾಗಿ, ಬರೆಯುವುದೇ ಮೇಲೆಂದು ತೀರ್ಮಾನಿಸಿದ್ದೇನೆ.

ವಿಷಯ ತಮಗೆ ತಿಳಿಯದ್ದೇನಲ್ಲ. ರಾಸ್ಪ್‌ಬೆರಿ ಹಣ್ಣಿಗೆ ತಾಳ್ಮೆಯಿಲ್ಲ. ಬೆಳಗಿನ ಇಬ್ಬನಿ ಆರುತ್ತಲೇ ಕಿತ್ತ ಹಣ್ಣು ಸಂಜೆ ಆರರೊಳಗೆ ಒಂಬತ್ತು ಕಿಲೋಮೀಟರ್ ಕೆಳಗಿರುವ ಕೋಲ್ಡ್ ಸ್ಟೋರೇಜಿನ ಬಾಗಿಲು ದಾಟಬೇಕು. ದಾಟದಿದ್ದರೆ ಮರುದಿನ ಅದು ಹಣ್ಣಲ್ಲ, ನೊಣಗಳ ಪಾನಕ. ಇವತ್ತು ಎಪ್ಪತ್ತು ಕ್ರೇಟು ಇಳಿಸಬೇಕಿದೆ. ಈ ವರ್ಷದ ಒಳ್ಳೆಯ ಹಣ್ಣೆಲ್ಲ ಅದರಲ್ಲೇ ಇದೆ. ಸಾಗಿಸಲು ನನಗಿರುವವರು ತಾವೊಬ್ಬರೇ, ಮತ್ತು ಕಳೆದ ಎರಡು ವಾರಗಳಿಂದ ತಾವು ಹತ್ತು ನಿಮಿಷ ರಾಜಗಾಂಭೀರ್ಯದಿಂದ ಓಡಿ, ಎರಡು ಸಲ ಕೆಮ್ಮಿ, ಹನ್ನೊಂದನೆಯ ನಿಮಿಷಕ್ಕೆ ಪ್ರಾಣ ಬಿಡುತ್ತಿದ್ದೀರಿ. ತಮ್ಮ ಸಮಯಪಾಲನೆಯನ್ನು ಮೆಚ್ಚದೆ ಇರಲಾಗದು; ನಮ್ಮ ಬಸ್ಸಿನವರು ತಮ್ಮಿಂದ ಕಲಿಯಬೇಕು.

ತಮ್ಮ ಆರೋಗ್ಯಕ್ಕಾಗಿ ನಾನು ಮಾಡದ ಪ್ರಯತ್ನವಿಲ್ಲ. ಮೊದಲು ಬಂದವರು ನನ್ನ ಮೈದುನ ಮಿಲೆಂಟಿಯೆ. ಅವರು ಕಾಫಿ ಕುಡಿದು, ಪ್ಲಮ್ ಹಣ್ಣಿನ ಸಾರಾಯಿಯಾದ ರಾಕಿಯಾ ಒಂದು ಲೋಟ ಇಳಿಸಿ, ಟ್ಯಾಂಕಿನ ಮುಚ್ಚಳ ತಿರುಗಿಸಿ ಇಣುಕಿ, "ಪೆಟ್ರೋಲ್ ಇದೆ" ಎಂದು ಘೋಷಿಸಿದರು. ಪೆಟ್ರೋಲ್ ಇದೆಯೆಂದು ನಾನು ಮೊದಲೇ ಹೇಳಿದ್ದೆ, ಆದರೆ ಹೆಂಗಸು ಹೇಳಿದ ಪೆಟ್ರೋಲ್ ಲೆಕ್ಕಕ್ಕಿಲ್ಲ. "ಅತ್ತಿಗೆ, ಇದು ಪ್ಲಗ್ಗಿನ ರೋಗ. ಚೋಕ್ ಎಳ್ದೂ ಎಳ್ದೂ ಪ್ಲಗ್ಗು ನೆನೆಸ್ಬಿಟ್ಟಿದೀರ. ಎಂಜಿನ್ನು ಹೆಂಗಸ್ರು ಮುಟ್ಟೋ ವಸ್ತು ಅಲ್ಲ, ನನ್ ಮಾತು ಕೇಳಿ" ಎಂದು ಹೊಸ ಪ್ಲಗ್ಗು ಹಾಕಿ, ಚಾಲೂ ಮಾಡುವ ಹಗ್ಗ ಎಳೆದರು. ತಾವು ಅಂಗಳದಲ್ಲಿ ಐದು ನಿಮಿಷ ಹಾಡಿದಿರಿ. ಅವರು ಇನ್ನೊಂದು ಲೋಟ ಕುಡಿದು ಹೊರಟರು. ತಾವು ಚರ್ಚಿನ ಇಳಿಜಾರಿನಲ್ಲಿ ಸತ್ತಿರಿ.

ಎರಡನೆಯವರು ನೆರೆಮನೆಯ ತಿಹೋಮಿರ್. ಅವರೂ ಕಾಫಿ ಕುಡಿದರು, ರಾಕಿಯಾ ಕುಡಿದರು, ಮುಚ್ಚಳ ತೆಗೆದು ಇಣುಕಿ "ಪೆಟ್ರೋಲ್ ಇದೆ" ಎಂದರು. "ಪ್ಲಗ್ಗು ಅಂದೋನ್ಗೆ ತಲೆ ಇಲ್ಲ ಬಿಡಿ ವಿದೊಸಾವಕ್ಕ. ಕಾರ್ಬ್ಯುರೇಟರ್‌ನಲ್ಲಿ ಕಸ ಕೂತಿದೆ. ಸೈನ್ಯದಲ್ಲಿ ಯುದ್ಧದ ಟ್ಯಾಂಕನ್ನೇ ಬಿಚ್ಚಿ ಜೋಡ್ಸಿದೋನು ನಾನು, ಇದ್ಯಾವ ಲೆಕ್ಕ!" ಎಂದು ಕಾರ್ಬ್ಯುರೇಟರನ್ನು ತೊಳೆದು ಜೋಡಿಸಿದರು. ಒಂದು ಸ್ಕ್ರೂ ಉಳಿಯಿತು. ಅದನ್ನು ಜೋಪಾನವಾಗಿಡಲು ಹೇಳಿದರು. ತಾವು ಅಂಗಳದಲ್ಲಿ ಹಾಡಿದಿರಿ, ಸೇತುವೆಯ ಮೇಲೆ ಸತ್ತಿರಿ.

ಮೂರನೆಯವರು ಪೇಟೆಯಿಂದ ಬಂದ ಟ್ರ್ಯಾಕ್ಟರ್ ಅಂಗಡಿಯ ಮೆಕ್ಯಾನಿಕ್. ಅವರು ಕೈಪಿಡಿ ತೆರೆದು ಕೋಷ್ಟಕದ ಮೇಲೆ ಬೆರಳಿಟ್ಟರು. "ಚಾಲೂ ಆಗುವುದಿಲ್ಲ" ಎಂಬುದಕ್ಕೆ ಎಂಟು ಕಾರಣಗಳಿದ್ದವು. "ಸ್ವಲ್ಪ ಓಡಿ ನಿಲ್ಲುತ್ತದೆ" ಎಂಬುದರ ಎದುರಿಗೆ ಸಮೀಪದ ಮಾರಾಟಗಾರರನ್ನು ಸಂಪರ್ಕಿಸಿ ಎಂದಷ್ಟೇ ಇತ್ತು. ಆ ಸಮೀಪದ ಮಾರಾಟಗಾರರು ಸ್ವತಃ ಅವರೇ ಆದ್ದರಿಂದ ಕೈಪಿಡಿಯನ್ನು ಮಡಚಿಟ್ಟರು. ಆಮೇಲೆ ಮುಚ್ಚಳ ತೆಗೆದು ಇಣುಕಿದರು. ಪೆಟ್ರೋಲ್ ಇತ್ತು. ಏರ್ ಫಿಲ್ಟರ್ ಬದಲಿಸಿ ಹೋದರು.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟೇ. ತಾವು ಸಾಯಲೇಬೇಕಿದ್ದರೆ ತಜ್ಞರ ಎದುರಿಗೆ ಸಾಯತಕ್ಕದ್ದು. ನಾನೊಬ್ಬಳೇ ಇರುವಾಗ ಸತ್ತು, ಗಂಡಸರು ಬಂದೊಡನೆ ಎದ್ದು ಕೂತು ನನ್ನ ಮರ್ಯಾದೆ ಕಳೆಯುವುದನ್ನು ನಿಲ್ಲಿಸತಕ್ಕದ್ದು. ಸಾಯುವ ಸ್ಥಳವನ್ನು ಹಿಂದಿನ ದಿನವೇ ಬರಹದಲ್ಲಿ ತಿಳಿಸಿದರೆ, ಹಣ್ಣಿಗೆ ನೆರಳಿರುವ ಜಾಗವನ್ನು ನಾನೇ ಸೂಚಿಸುತ್ತೇನೆ. ಸಾಧ್ಯವಾದರೆ ಒಳ್ಳೆಯ ಕಾಫಿ ಮಾಡುವವರ ಮನೆಯ ಮುಂದೆ ನಿಲ್ಲಿ. ಇಳಿಜಾರಿನಲ್ಲಾದರೂ ತಮ್ಮ ಹದಿನಾಲ್ಕು ಕುದುರೆಗಳಲ್ಲಿ ಒಂದನ್ನು ಕೆಳಗಿಳಿಸಿ ಟ್ರೇಲರಿಗೆ ಕಟ್ಟಲು ಅನುಮತಿ ಕೊಡಿ.

ಪತ್ರವನ್ನು ಇಲ್ಲಿಗೆ ನಿಲ್ಲಿಸಿ ಕ್ರೇಟು ಹೇರಲು ಹೋಗಿದ್ದೆ. ಮುಂದಿನದನ್ನು ಬುಧವಾರ ಕೂತು ಬರೆಯುತ್ತಿದ್ದೇನೆ.

ನಿನ್ನೆ ದಾರಿಯಲ್ಲಿ ತಾವು ನಾಲ್ಕು ಸಲ ನಿಂತಿರಿ. ಮೊದಲ ಮೂರು ಸಲವೂ ಅರ್ಧ ಗಂಟೆ ಕಾದು, ತಮ್ಮ ಮನಸ್ಸು ಕರಗಿದ ಮೇಲೆ ಹೊರಟೆ. ನಾಲ್ಕನೆಯ ಸಲ ನಿಂತಾಗ ಐದೂಕಾಲು ಗಂಟೆ. ತಳದ ಕ್ರೇಟುಗಳಿಂದ ಕೆಂಪು ರಸ ಟ್ರೇಲರಿನ ಹಲಗೆಗೆ ತೊಟ್ಟಿಕ್ಕುತ್ತಿತ್ತು. ನನಗೆ ಅಳು ಬಂತು, ಅತ್ತೂಬಿಟ್ಟೆ. ಬೇರೇನೂ ತೋಚದೆ, ಮೂವರು ತಜ್ಞರೂ ಮೊದಲು ಮಾಡಿದ್ದನ್ನೇ ನಾನೂ ಮಾಡಿದೆ: ಮುಚ್ಚಳ ತಿರುಗಿಸಿದೆ. ಟ್ಯಾಂಕು ಉಸ್ಸೆಂದು ಉಸಿರೆಳೆದುಕೊಂಡಿತು. ಹಗ್ಗ ಎಳೆದೆ, ಒಂದೇ ಎಳೆತಕ್ಕೆ ತಾವು ಎದ್ದಿರಿ.

ಆಗ ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿದೆ. ಪೆಟ್ರೋಲ್ ಕೆಳಗಿಳಿದ ಹಾಗೆ ಮೇಲಿನಿಂದ ಗಾಳಿ ಒಳಬರಲೆಂದು ಅದರ ನಡುವೆ ಸಾಸಿವೆ ಕಾಳಿನಷ್ಟು ತೂತಿರುತ್ತದೆ. ಆ ತೂತನ್ನು ಯಾರೋ ಹಳದಿ ಮೇಣ ಒತ್ತಿ ನುಣ್ಣಗೆ ಮುಚ್ಚಿದ್ದರು. ಗಾಳಿಯಿಲ್ಲದೆ ಪೆಟ್ರೋಲ್ ಇಳಿಯದೆ ತಾವು ಸಾಯುತ್ತಿದ್ದಿರಿ. ಬಂದ ಗಂಡಸರೆಲ್ಲ ಮುಚ್ಚಳ ತೆರೆದು ತಮ್ಮನ್ನು ಬದುಕಿಸಿ, ಕೀರ್ತಿಯನ್ನು ಪ್ಲಗ್ಗಿಗೂ ಕಾರ್ಬ್ಯುರೇಟರಿಗೂ ಫಿಲ್ಟರಿಗೂ ಕೊಟ್ಟು ಹೋಗಿದ್ದರು. ಮುಚ್ಚಳವನ್ನು ಅರ್ಧ ತಿರುವು ಸಡಿಲ ಬಿಟ್ಟು ಓಡಿಸಿದೆ. ಬಾಗಿಲು ಹಾಕುವ ಹೊತ್ತಿಗೆ ಮುಟ್ಟಿದೆ. ಐವತ್ತು ಕ್ರೇಟು ಒಳಗೆ ಹೋಯಿತು. ತಳದ ಇಪ್ಪತ್ತನ್ನು ಸ್ಟೋರೇಜಿನವರು ಮುಟ್ಟಲಿಲ್ಲ.

ಮನೆಗೆ ಬಂದು ಅತ್ತೆ ಒಬ್ರೆನಿಯಾ ಅವರ ಮುಂದೆ ಮುಚ್ಚಳ ಹಿಡಿದೆ. ಎಂಬತ್ತಮೂರು ವರ್ಷದ ಆ ತಾಯಿ ಹೆಮ್ಮೆಯಿಂದ ಹೇಳಿದರು: "ಹೂಂ ಕಣೇ, ನಾನೇ ಮುಚ್ಚಿದ್ದು. ಬೆಳಿಗ್ಗೆ ಎದ್ರೆ ಕೆಮ್ತಿತ್ತು ಪಾಪ. ಆ ತೂತಲ್ಲಿ ಗಾಳಿ ನುಗ್ಗಿ ಎದೆಗೆ ಬಡೀತಿತ್ತು. ನಿನ್ ಗಂಡನ ನಡುಗೂ ಹಿಂಗೇ ಗಾಳಿ ಬಡ್ದಿದ್ದು, ಮರ್ತುಬಿಟ್ಯಾ? ಮನೆ ಕಾಯೋ ಸಂತನ ಹಬ್ಬಕ್ಕೆ ಹಚ್ಚಿದ ಮೇಣದಬತ್ತಿದು ಅದು, ಕೆರ್ದು ಗಿರ್ದುಬಿಟ್ಟೀಯ, ಜೋಕೆ!" ಗಾಳಿ ಬಡಿದು ರೋಗ ಬಂದೀತೆಂಬ ಭಯಕ್ಕೆ, ಸೆಕೆಯಲ್ಲಿ ಬೆಂದರೂ ಎದುರುಬದುರು ಎರಡು ಕಿಟಕಿಗಳನ್ನು ಒಟ್ಟಿಗೆ ತೆರೆಯುವ ಧೈರ್ಯ ಈ ಗುಡ್ಡದಲ್ಲಿ ಯಾರಿಗಿದೆ, ನನಗೇ ಇಲ್ಲ. ಅವರು ಮಲಗಿದ ಮೇಲೆ ಸಂತನಲ್ಲಿ ಕ್ಷಮೆ ಕೇಳಿ, ಮೇಣವನ್ನು ಕೆರೆಯದೆ ಹೊಲಿಗೆ ಸೂಜಿಯಿಂದ ಚುಚ್ಚಿದೆ.

ಆದ್ದರಿಂದ ತಾವು ನಿರಪರಾಧಿಗಳು. ಆದರೂ ನಾನು ಕ್ಷಮೆ ಕೇಳುವುದಿಲ್ಲ. ಉಸಿರು ಕಟ್ಟುತ್ತಿದೆಯೆಂದು ತೋರಿಸಿಕೊಳ್ಳಲು ತಮಗೆ ಎರಡು ವಾರ ಅವಕಾಶವಿತ್ತು, ತಾವೂ ಗಂಡಸರ ಪರವೇ ವಹಿಸಿದಿರಿ.

ಇಂತು, ಹಗ್ಗ ಎಳೆದೆಳೆದು ತೋಳು ಜೋತುಬಿದ್ದ
ತಮ್ಮ ವಿಶ್ವಾಸಿ,
ವಿದೊಸಾವಾ

ಮರೆತ ಮಾತು: ಇವತ್ತು ಬೆಳಿಗ್ಗೆ ಕಿರಾಣಿ ಅಂಗಡಿಯಲ್ಲಿ ಮಿಲೆಂಟಿಯೆ ಎಲ್ಲರಿಗೂ ಹೇಳುತ್ತಿದ್ದರಂತೆ: "ನಾನು ಪ್ಲಗ್ಗು ಹಾಕಿದ್ಮೇಲೆ ನೋಡ್ರಪ್ಪ, ಅತ್ತಿಗೆ ಗಾಡಿ ಹೆಂಗ್ ಓಡ್ತಿದೆ!" ಮಧ್ಯಾಹ್ನ ಅವರ ಟ್ರ್ಯಾಕ್ಟರು ನಮ್ಮ ಬೇಲಿಯ ಬಳಿ ಎರಡು ಸಲ ಕೆಮ್ಮಿತು. ಅತ್ತೆಗೆ ಕಿವಿ ಚುರುಕು. ಮಗನ ಗಾಡಿಗೂ ಗಾಳಿ ಬಡಿದಿದೆಯೆಂದು ಗಾಬರಿಯಾಗಿ ಮೇಣದಬತ್ತಿಯ ತುಂಡು ಹುಡುಕಿದರು, ಮುಗಿದಿತ್ತು. ಹೊಸದೊಂದನ್ನು ನಾನೇ ತಂದುಕೊಟ್ಟೆ; ಸಂಜೆಯೊಳಗೆ ಆ ಗಾಡಿಯ ಮುಚ್ಚಳದ ತೂತೂ ನುಣ್ಣಗಾಯಿತು. ನಾಳೆ ಮೈದುನನದು ತೊಂಬತ್ತು ಕ್ರೇಟು. ನಾನು ಹಿಂದೆಯೇ ಬರುತ್ತಿರುತ್ತೇನೆ, ಸೂಜಿ ಜೇಬಿನಲ್ಲಿರುತ್ತದೆ. "ಏನಾಗಿದೆ ಅತ್ತಿಗೆ" ಎಂದು ಬಾಯಿಬಿಟ್ಟು ಒಂದು ಸಲ ಕೇಳಿದರೆ ಸಾಕು, ಕೊಡುತ್ತೇನೆ.