ಮಂಡಿಯ ಹಿಂದಿನ ಮಹಾಸಮರ

ಆಲಿಸಿರಿ, ಸಹೃದಯರೇ, ಸಾವಧಾನಚಿತ್ತರಾಗಿ ಆಲಿಸಿರಿ. ಮೊದಲನೆಯ ವರ್ಷದ ಎಂಬಿಬಿಎಸ್ ಎಂಬ ಘೋರಯುಗದ ಅಂತ್ಯಕಾಲದಲ್ಲಿ, ಫಾರ್ಮಲಿನ್ ಗಂಧದಿಂದ ಸಕಲರ ಕಣ್ಣಲ್ಲೂ ಅಕಾರಣ ಅಶ್ರುಧಾರೆ ಹರಿಯುತ್ತಿದ್ದ, ಶವಚ್ಛೇದನದ ಡಿಸೆಕ್ಷನ್ ಹಾಲಿನಲ್ಲಿ, ಧವಳಕಂಚುಕಧಾರಿಯೂ ಅರ್ಧನಿದ್ರಾಲಂಕೃತಲೋಚನನೂ ಗ್ರಂಥಭಾರವಿನಮ್ರಸ್ಕಂಧನೂ ಆದ ವಿಜಯಪುರದ ಶಾಂತವೀರನು ಮಂಡಿಯ ಹಿಂದಿನ ಕುಳಿಯನ್ನು ಜಯಿಸಲು ಹೊರಟ ಕಥೆಯಿದು.

ಈ ವೀರನು ಹಿಂದಿನ ತಿಂಗಳು ತೋಳಿನ ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಮಕಾಡೆ ಮಲಗಿದ್ದನು. ಇಂದು ಕಾಲಿನಲ್ಲೂ ಸೋತರೆ ಮುಖ್ಯ ಪರೀಕ್ಷೆಗೆ ಕೂರುವಂತಿಲ್ಲ. ಜೊತೆಯವರೆಲ್ಲ ಎರಡನೆಯ ವರ್ಷಕ್ಕೆ ದಾಟಿಹೋಗಿ, ತಾನೊಬ್ಬ ಹಿಂದೆ ಉಳಿದವರ ಆಡ್ ಬ್ಯಾಚ್ ಸೇರಬೇಕು. ಆ ಹೆಸರು ಕೇಳಿದರೆ ಸಾಕು, ವೀರನ ಎದೆ ನಿಜಕ್ಕೂ ನಡುಗುತ್ತಿತ್ತು.

ರಣಾಂಗಣವೆಂದರೆ ಮೂಲೆಯ ಮೇಜು. ಅದರ ಮೇಲೆ ಬೋರಲಾಗಿ ಮಲಗಿದ್ದವರು ದೇಹದಾನ ಮಾಡಿದ, ಹೆಸರು ಯಾರಿಗೂ ತಿಳಿಯದ ಒಬ್ಬ ಹಿರಿಯರು. ಬ್ಲೇಡು ಹಿಡಿಯುವ ಮುನ್ನ ಅವರನ್ನು ಗುರುಗಳೆಂದು ಭಾವಿಸಿ ಕೈಮುಗಿಯುವುದು ಅಲ್ಲಿನ ಪದ್ಧತಿ. ದಿಗ್ವಿಜಯದ ಅವಸರದಲ್ಲಿ ಶಾಂತವೀರನು ಅಂದು ಅದನ್ನು ಮರೆತನು.

ಆ ಕೋಟೆಯ ವೈಭವವನ್ನು ಏನೆಂದು ಬಣ್ಣಿಸಲಿ! ತೊಡೆಯ ಹಿಂದೆ ಹೊರಬದಿಯಲ್ಲಿ ಬೈಸೆಪ್ಸ್ ಫೆಮೊರಿಸ್ ಎಂಬ ಏಕಾಂಗಿ ಮಹಾರಥಿ. ಒಳಬದಿಯಲ್ಲಿ ಸೆಮಿಟೆಂಡಿನೋಸಸ್, ಸೆಮಿಮೆಂಬ್ರನೋಸಸ್ ಎಂಬ, ಹೆಸರು ಕೂಗಿ ಮುಗಿಸುವಷ್ಟರಲ್ಲಿ ಯುದ್ಧವೇ ಮುಗಿದುಹೋಗುವಂಥ ಅವಳಿ ಸೇನಾನಿಗಳು. ಕೆಳಗಿನಿಂದ ಮೀನಖಂಡದ ಎರಡು ತಲೆಗಳು. ಇವರೆಲ್ಲರ ನಡುವೆ ವಜ್ರಾಕಾರದ ಕುಳಿ. ಕುಳಿಯೊಳಗೆ ಧಮನಿ, ಅಭಿಧಮನಿ, ನರಗಳು, ಮತ್ತು ಇವನ್ನೆಲ್ಲ ಮುಚ್ಚಿಟ್ಟ ಹಳದಿ ಕೊಬ್ಬು. ಆ ಕೊಬ್ಬನ್ನು ಚಿಮಟದಿಂದ ಚೂರುಚೂರಾಗಿ ಕಿತ್ತು ತೆಗೆಯುವುದರಲ್ಲೇ ಭಾವೀ ಧನ್ವಂತರಿಗಳ ಯೌವನ ಕಳೆಯುತ್ತದೆ.

ಬೆಳಗೆಲ್ಲ ಕಿತ್ತ ಮೇಲೆ, ಹೊರಬದಿಯ ಆಳದಿಂದ ಹೊರಟು ಹಿಮ್ಮಡಿಯತ್ತ ಇಳಿಯುವ ಬಿಳಿಯ, ಹೊಳೆಯುವ, ತೆಳ್ಳನೆಯ ಪಟ್ಟಿಯೊಂದು ಕಂಡಿತು. ಇದೇ ಕಾಮನ್ ಪೆರೋನಿಯಲ್ ನರ, ವೈವಾದ ಜೀವಾಳ, ಎಂದು ಶಾಂತವೀರನು ತೀರ್ಮಾನಿಸಿದನು. ಅದೇ ಕಾಲಿಗೆ ಪಾಲುದಾರಳಾಗಿದ್ದ ಸಹಪಾಠಿ, ಧಾರವಾಡದ ಮಧುವಂತಿ ಕುಲಕರ್ಣಿ, ಅದು ಸೂರಲ್ ಎಂಬ ಬೇರೆ ನರವೆಂದು ಪಟ್ಟು ಹಿಡಿದಳು.

“ಎಲೌ ಚಿಮಟಧಾರಿಣಿ! ಮೇದಸ್ಸಿನ ಕಡಲನ್ನು ಕಡೆದು ಈ ನರರತ್ನವನ್ನೆತ್ತಿದವನು ನಾನು. ಇದರ ನಾಮಧೇಯವನ್ನು ಬದಲಿಸುವ ಧೀರರು ಮೂರು ಲೋಕದಲ್ಲಾಗಲಿ ಲೈಬ್ರರಿಯಲ್ಲಾಗಲಿ ಹುಟ್ಟಿಲ್ಲ” ಎಂದು ಅವನು ಗರ್ಜಿಸಿದನೆಂದೇ ನಾವು ಹಾಡುತ್ತೇವೆ. ಅವನು ಆಡಿದ್ದು, “ಮುಟ್ಟಬ್ಯಾಡ. ಇದು ಪೆರೋನಿಯಲ್ ಐತಿ” ಎಂದಷ್ಟೇ. ಅದಕ್ಕೆ ಆ ರಣಚಂಡಿಯು ಪ್ರಳಯಮೇಘದಂತೆ ಮೊಳಗಿದ ಉತ್ತರವೆಂದರೆ, “ಸೂರಲ್ ಅದ. ಮೊದಲ ಕಣ್ಣು ತೋರಿಸ್ಕೋ ಹೋಗು.”

ಎಲ್ಲಿ ಅವಳು ಸೂರಲ್ ಎಂದು ಚೀಟಿ ಕಟ್ಟಿಬಿಡುತ್ತಾಳೋ ಎಂದು ವೀರನು ಕಬ್ಬಿಣದ ಸ್ಟೂಲನ್ನು ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ, ರಾಜಠೀವಿಯಿಂದ ಕಾವಲು ಕುಳಿತನು. ವೈವಾ ಕೇಳುವ ಪ್ರೊಫೆಸರ್ ಕಾಡಪ್ಪ ಮೇಟಿಯವರು ಮೊದಲಿನ ಮೇಜುಗಳನ್ನೆಲ್ಲ ಸಂಹರಿಸಿ ಬರುವವರೆಗೂ ಅಲುಗಲಿಲ್ಲ. ಬೈಸೆಪ್ಸಿನ ಅಂಚಿನಲ್ಲಿ ಇನ್ನೂ ಒಂದಿಷ್ಟು ಕೊಬ್ಬು ಉಳಿದಿತ್ತು. ಅದರಡಿ ಏನಿದೆಯೆಂದು ನೋಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

ಮೇಟಿಯವರು ಎರಡೂ ಪಕ್ಷದ ವಾದ ಕೇಳಿದರು. ಆಮೇಲೆ ಚಿಮಟದಿಂದ ಆ ಪಟ್ಟಿಯನ್ನು ಹಿಡಿದು ಮೆಲ್ಲಗೆ ಎಳೆದರು. ಅದರ ಮೇಲ್ತುದಿಯಲ್ಲಿ ಬೆರಳುದ್ದದ ಮಾಂಸಖಂಡವೊಂದು ಅಲುಗಿತು.

“ನರ ಮಾಂಸದಾಗ ಹುಟ್ಟತಾವೇನು?” ಎಂದು ಕೇಳಿದರು.

ಅದು ಪ್ಲಾಂಟಾರಿಸ್ ಎಂಬ ಬಡಪಾಯಿ ಸ್ನಾಯುವಿನ ನಾರಿನಂಥ ರಜ್ಜು. ಮೊದಲ ವರ್ಷದವರು ನರವೆಂದು ಬಡಿದಾಡುವುದು ಇದಕ್ಕೇ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲವೆಂಬುದು ಸಾಯುವವರೆಗೆ ಅವರಿಗೆ ಗೊತ್ತೂ ಆಗುವುದಿಲ್ಲ. ಇಷ್ಟನ್ನು ಅವರು ತಣ್ಣಗೆ ವಿವರಿಸಿದಾಗ ಮಧುವಂತಿ ನೆಲ ನೋಡಿದಳು, ಶಾಂತವೀರನಿಗೆ ಆಡ್ ಬ್ಯಾಚ್ ಕಣ್ಣಮುಂದೆ ಬಂದು ನಿಂತಿತು.

“ಹಂಗಾರ ಪೆರೋನಿಯಲ್ ಎಲ್ಲೈತಿ? ಎದ್ದು ತೋರ್ಸು.”

ಅರಿಭಯಂಕರನು ಎದ್ದನು. ಎದ್ದ ಮರುಕ್ಷಣವೇ ಬಲಗಾಲು ಕೈಕೊಟ್ಟು, ಸ್ಟೂಲಿನ ಸಮೇತ ಭೂಮಂಡಲಕ್ಕೆ ಸಾಷ್ಟಾಂಗವೆರಗಿದನು. ಜೋಮು ಹಿಡಿದ ಪಾದ ಜೋತುಬಿದ್ದಿತ್ತು. ಅವನು ನೆಲದ ಮೇಲೆಯೇ ಕುಳಿತು, ಮಂಡಿಯ ಕೆಳಗೆ ಹೊರಬದಿಯನ್ನು ಗಸಗಸ ಉಜ್ಜತೊಡಗಿದನು.

ಮೇಟಿಯವರು ಬಗ್ಗಿ ನೋಡಿದರು. “ಪಾದ ಮ್ಯಾಲೆತ್ತು.”

“ಏಳವಲ್ದ್ರಿ ಸರ್.”

“ಯಾಕ? ಕಾಲಮ್ಯಾಲ ಕಾಲ ಹಾಕಿ ಕುಂತು, ಪಾದ ಎತ್ತೂ ಯಾವ ನರ ಒತ್ತಿದಿ?”

ಉಜ್ಜುತ್ತಿದ್ದ ಕೈ ನಿಂತಿತು. ಅವನ ಬೆರಳು ಅಲ್ಲಿಂದ ತಾನಾಗಿಯೇ ಮೇಲೇರಿ, ಮಂಡಿಯ ಹಿಂದೆ ಬಳಸಿ, ಬೈಸೆಪ್ಸಿನ ಅಂಚನ್ನು ಮುಟ್ಟಿತು. “ಇದ ನೋಡ್ರಿ ಸರ್, ಪೆರೋನಿಯಲ್” ಎಂದನು. ಮೇಜು ಹಿಡಿದು ಒಂಟಿಕಾಲಲ್ಲಿ ಎದ್ದು, ಬೋರಲಾಗಿ ಮಲಗಿದ್ದ ಗುರುಗಳ ಕಾಲಿನಲ್ಲಿ ಅದೇ ಜಾಗದ ಕೊಬ್ಬನ್ನು ಸರಿಸಿದನು. ಬಳಪದ ಕಡ್ಡಿಯಷ್ಟು ದಪ್ಪನೆಯ ನರ ಬೆಳಗಿನಿಂದಲೂ ಅಲ್ಲೇ ಮಲಗಿತ್ತು.

“ಪಾಸ್. ಇನ್ನ ಮ್ಯಾಲ ಹಾಲ್‌ನಾಗ ಮಹಾರಾಜನಂಗ ಕುಂದರಬ್ಯಾಡ” ಎಂದು ಮೇಟಿಯವರು ಮುಂದಿನ ಮೇಜಿಗೆ ನಡೆದರು.

ದೇವದುಂದುಭಿ ಮೊಳಗಲಿಲ್ಲ; ಊಟದ ಬೆಲ್ಲು ಹೊಡೆಯಿತು. ಮಧುವಂತಿಯೂ ಉಳಿದವರೂ ಓಡಿದರು. ಶಾಂತವೀರನು ಅಲ್ಲೇ ಉಳಿದನು. ಬೆಳಗಿನಿಂದ ಸುಮ್ಮನೆ ಮಲಗಿ ಎಲ್ಲ ಜಗಳ ಸಹಿಸಿದ್ದ ಹಿರಿಯರ ಮುಂದೆ ಒಂಟಿಕಾಲಲ್ಲೇ ನಿಂತು, ಕೈಮುಗಿದು, “ತಪ್ಪಾತ್ರಿ ಗುರುಗಳ” ಎಂದನು.

ಹೀಗೆ ಮಂಡಿಯ ಹಿಂಭಾಗವನ್ನು ಗೆದ್ದ ಆ ಮಹಾವೀರನು ಕಂಬಿ ಹಿಡಿದು, ಕಾಲೆಳೆದುಕೊಂಡು, ಮೆಟ್ಟಿಲಿಳಿದು ಹೋಗುವಷ್ಟರಲ್ಲಿ ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ಖಾಲಿಯಾಗಿತ್ತು.