ತೊಂಬತ್ತಾರು ಕೌದಿಗಳ ವಿವರಣೆ

ಇಂದ,
ದುಂಡೇಶ ಬ. ಕಮ್ಮಾರ,
ಕಾರ್ಯದರ್ಶಿ (ಸಂಬಳವಿಲ್ಲದ),
ಗಡಗೇರಿ ಕೌದಿ ಅಕ್ಕಂದಿರ ಸಂಘ (ನೋಂದಾಯಿತ), ಹಳಿಯಾಳ ತಾಲೂಕು.
ವಾಸ: ಬಂಗೂರನಗರ, ದಾಂಡೇಲಿ.

ಗೆ,
ಪರಿಶೀಲನಾಧಿಕಾರಿಗಳು,
‘ಕೊಡುಗೈ’ ಆನ್‌ಲೈನ್ ದೇಣಿಗೆ ವೇದಿಕೆ, ಬೆಂಗಳೂರು.

ದಿನಾಂಕ: ಮೇ ೨೦

ವಿಷಯ: ಬೀಗ ಬಿದ್ದಿರುವ ನಮ್ಮ ದೇಣಿಗೆ ಪುಟ ತೆರೆದು ಮಕ್ಕಳ ಶಾಲಾ ವ್ಯಾನಿನ ಹಣ ಬಿಡುಗಡೆ ಮಾಡುವ, ಹಾಗೂ ದಾನಿಗಳಿಗೆ ಕೌದಿ ಕಳಿಸಿದ್ದೇಕೆ ಎಂಬ ತಮ್ಮ ಪ್ರಶ್ನೆಗೆ ಉತ್ತರಿಸುವ ಕುರಿತು.

ಉಲ್ಲೇಖ: ೧) ತಮ್ಮ ಇಮೇಲ್, ಮೇ ೨.
೨) ನಾನು ತಮಗೆ ಮಾಡಿದ ಹದಿನೇಳು ಫೋನುಗಳು. ಹದಿನಾರಕ್ಕೆ ಸಂಗೀತ ಉತ್ತರ ಕೊಟ್ಟಿತು, ಒಂದಕ್ಕೆ ತಮ್ಮ ಕಚೇರಿಯ ಸಂಜೀವಕುಮಾರ ಅವರು.
೩) ಸಂಘದ ಅಧ್ಯಕ್ಷೆ ರೋಜಿಬಾಯಿಯವರ ಮೌಖಿಕ ಆದೇಶ, ಅಕ್ಕಿ ಕೇರುತ್ತಾ ಹೊರಡಿಸಿದ್ದು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ನಾನು ದಾಂಡೇಲಿಯ ಕಾಗದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಕಾಗದ ಹುಟ್ಟುವ ಜಾಗದಲ್ಲಿ ತಲೆ ಹಣ್ಣಾದವನು ಕಾಗದಕ್ಕೆ ಹೆದರುವುದಿಲ್ಲ. ಕಾರಣ, ಗಡಗೇರಿಯ ಹದಿನಾಲ್ಕು ಜನ ಸಿದ್ದಿ ಸಮುದಾಯದ ಹೆಂಗಸರು ಸಂಘ ಕಟ್ಟಿ, “ಬರಿಯಾಕ ಒಬ್ರು ಬೇಕಾಗ್ಯಾರ್ರಿ” ಎಂದು ಮನೆ ಬಾಗಿಲಿಗೆ ಬಂದಾಗ ಚಹಾ ಕೊಡುವ ಮುಂಚೆಯೇ ಒಪ್ಪಿಕೊಂಡೆ. ನನ್ನ ಮನೆಯವರು ಇದನ್ನು ಇನ್ನೂ ಆಡಿಕೊಳ್ಳುತ್ತಾರೆ.

೨. ಗಡಗೇರಿಯಲ್ಲಿ ಶಾಲೆ ಏಳನೆಯ ತರಗತಿಯವರೆಗೆ ಮಾತ್ರ. ಹೈಸ್ಕೂಲು ಹನ್ನೊಂದು ಕಿಲೋಮೀಟರ್ ದೂರ, ನಡುವೆ ಕಾಡು. ಬಸ್ಸು ಬರುವುದು ಎರಡನೆಯ ಪಿರಿಯಡ್ ಮುಗಿದ ಮೇಲೆ. ಕಳೆದ ವರ್ಷ ಏಳನೆಯದು ಪಾಸಾದ ಇಬ್ಬರು ಹುಡುಗಿಯರು ಈಗ ಅವ್ವಂದಿರ ಜೊತೆ ಕೂಲಿಗೆ ಹೋಗುತ್ತಿದ್ದಾರೆ. ಈ ವರ್ಷ ಪಾಸಾದ ಏಳು ಮಕ್ಕಳಲ್ಲಿ ಮಿಂಗೇಲನ ಮಗಳು ಕರಿಷ್ಮಾ ತಾಲೂಕಿನ ಪ್ರಬಂಧ ಸ್ಪರ್ಧೆಯಲ್ಲಿ ಮೊದಲು ಬಂದವಳು. ಅವಳೂ ಕುಡುಗೋಲು ಹಿಡಿಯುತ್ತಾಳೆಂದರೆ ನನಗೆ ಸಿಟ್ಟು ಬರುತ್ತದೆ. ಅರ್ಜಿಯಲ್ಲಿ ಸಿಟ್ಟಿಗೆ ಕಾಲಂ ಇಲ್ಲವಾದ್ದರಿಂದ ಇಲ್ಲೇ ನಮೂದಿಸಿದ್ದೇನೆ.

೩. ಆದ್ದರಿಂದ ಸಲ್ಮಾನ ಎಂಬವರ ಹಳೆಯ ವ್ಯಾನು ಕೊಳ್ಳಲು ತಮ್ಮ ವೇದಿಕೆಯಲ್ಲಿ ಪುಟ ತೆರೆದೆವು. ತಾವು ಕೇಳಿದ್ದನ್ನೆಲ್ಲ ಕೊಟ್ಟೆವು: ಸಂಘದ ನೋಂದಣಿ, ಸಂಘದ ಹೆಸರಿನ ಪ್ಯಾನ್ ಮತ್ತು ಬ್ಯಾಂಕ್ ಖಾತೆ, ಆದಾಯ ತೆರಿಗೆ ಇಲಾಖೆಯ ೧೨ಎ, ೮೦ಜಿ ಪ್ರಮಾಣಪತ್ರ, ಮಕ್ಕಳ ಫೋಟೋ ಹಾಕಲು ತಂದೆತಾಯಿಯರ ಒಪ್ಪಿಗೆ ಪತ್ರ. ಗಣೇಶಗುಡಿಗೆ ರಾಫ್ಟಿಂಗ್ ಮಾಡಲು ಬಂದಿದ್ದ ಫ್ರಾನ್ಸಿನವನೊಬ್ಬ ಜೇಬಿಗೆ ಕೈ ಹಾಕಿದಾಗ, ವಿದೇಶಿ ದೇಣಿಗೆ ಪಡೆಯುವ ಅನುಮತಿ ನಮಗಿಲ್ಲವಾದ ಕಾರಣ ಎರಡೂ ಕೈ ಮುಗಿದು ಬೇಡವೆಂದೆ. ಅವನು ಅದನ್ನು ನಮಸ್ಕಾರವೆಂದು ತಿಳಿದು ತಿರುಗಿ ನಮಸ್ಕಾರ ಮಾಡಿದ.

೪. ನಲವತ್ತು ದಿನಗಳಲ್ಲಿ ತೊಂಬತ್ತಾರು ದಾನಿಗಳಿಂದ ಬೇಕಾದಷ್ಟು ಹಣ ಕೂಡಿತು. ತೆರಿಗೆ ಇಲಾಖೆಗೆ ಪಟ್ಟಿ ಸಲ್ಲಿಸಬೇಕಾದ್ದರಿಂದ ಪ್ರತಿಯೊಬ್ಬರ ಹೆಸರು, ಪ್ಯಾನ್, ವಿಳಾಸ ಬರೆದಿಟ್ಟೆ. ಎಡವಟ್ಟಾದದ್ದು ಇಲ್ಲಿಯೇ. ನನ್ನ ಅಕ್ಷರದ ಮೇಲಿನ ಹೆಮ್ಮೆಯಿಂದ ಆ ಪಟ್ಟಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದೆ.

ರೋಜಿಬಾಯಿ ಮೊರ ಕೆಳಗಿಟ್ಟರು. “ಇವರಿಗೆಲ್ಲ ನಾವೇನ್ ಕಳಿಸೇವಿ?”

“ರಶೀದಿ ಕಳಿಸೇನ್ರಿ ಬಾಯಿ.”

“ರಶೀದಿ ಹೊಚ್ಗೊಂಡು ಮಕ್ಕೋತಾರೇನೋ? ಮಂದಿ ಡಬ್ಬೀ ತುಂಬಿ ಕೊಟ್ಟಾಗ ಖಾಲಿ ಡಬ್ಬಿ ತಿರುಗಿ ಕೊಡೋದು ಯಾವ ಊರಾಗ ಕಲ್ತಿ? ಧಾರವಾಡದಾಗೇನು?”

ಧಾರವಾಡ ನಾನು ಹುಟ್ಟಿದ ಊರು. ಪಟ್ಟಿ ಮಡಚಿ ಜೇಬಿಗಿಟ್ಟೆ.

೫. ಮರುದಿನದಿಂದ ಹದಿನಾಲ್ಕು ಮನೆಗಳಲ್ಲಿ ಹಳೆಯ ಸೀರೆ ಹರಿಯುವ ಸದ್ದು ಶುರುವಾಯಿತು. ತೊಟ್ಟಿಲಿಗೆ ಹಾಸುವಂಥ ಸಣ್ಣ ಕೌದಿ, ತಲೆಗೊಂದರಂತೆ ತೊಂಬತ್ತಾರು. ಬೇಗ ಮುಗಿಯಲೆಂದು, ಮೂಲೆಗೆ ಹಚ್ಚುವ ಬಣ್ಣದ ತುಂಡು ‘ಫುಲಾ’ವನ್ನಾದರೂ ಬಿಡಿರೆಂದು ಸಲಹೆ ಕೊಟ್ಟೆ. ಫುಲಾ ಇಲ್ಲದ ಕೌದಿ ಬತ್ತಲೆ ಕೌದಿಯಂತೆ. ಇಂಥ ಮಾತಾಡಿದ್ದಕ್ಕೆ ಎರಡು ದಿನ ನನಗೆ ಚಹಾ ಸಿಗಲಿಲ್ಲ. ಅಂಚೆ ಖರ್ಚನ್ನು ಅಕ್ಕಂದಿರು ಕೈಯಿಂದ ಹಾಕಿದ್ದಾರೆ. ದೇಣಿಗೆಯ ಒಂದು ಪೈಸೆಯನ್ನೂ ಮುಟ್ಟಿಲ್ಲ ಎಂಬುದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳುವುದು.

೬. ಮೈಸೂರಿನ ದಾನಿಯೊಬ್ಬರು ಖುಷಿಯಾಗಿ ಕೌದಿಯ ಫೋಟೋವನ್ನು ತಮ್ಮ ವೇದಿಕೆಯಲ್ಲಿರುವ ನಮ್ಮ ಪುಟದಲ್ಲೇ ಹಾಕಿ, ‘ಐನೂರು ರೂಪಾಯಿಗೆ ಇಷ್ಟು ಚೆಂದದ್ದು ಎಲ್ಲೂ ಸಿಗದು’ ಎಂದು ಬರೆದರು. ಕೂಡಲೇ ನಾಲ್ವರು ‘ನೀಲಿ ಬಣ್ಣದ್ದು ಇದೆಯೇ?’ ಎಂದು ಕೇಳಿದರು. ಮೇ ಎರಡಕ್ಕೆ ತಮ್ಮ ಬೀಗ ಬಿತ್ತು. ಸಂಜೀವಕುಮಾರ ಅವರು ಫೋನಿನಲ್ಲಿ ತಾಳ್ಮೆಯಿಂದ ತಿಳಿಸಿದ್ದು: ತಿರುಗಿ ವಸ್ತು ಕೊಟ್ಟರೆ ಅದು ದಾನವಲ್ಲ, ಮಾರಾಟವೆನಿಸಬಹುದು, ತೆರಿಗೆಗೆಂದು ಪಡೆದ ವಿಳಾಸವನ್ನು ಬೇರೆ ಕೆಲಸಕ್ಕೆ ಬಳಸುವ ಮೊದಲು ದಾನಿಯ ಒಪ್ಪಿಗೆ ಕೇಳಬೇಕಿತ್ತು. ಎರಡನೆಯದು ನೂರಕ್ಕೆ ನೂರು ನನ್ನ ತಪ್ಪು. ಮೂವತ್ತೆರಡು ವರ್ಷದ ಸರ್ವಿಸಿನಲ್ಲಿ ಒಂದೂ ಮೆಮೋ ಪಡೆಯದವನು ಅರವತ್ತೆಂಟನೆಯ ವಯಸ್ಸಿನಲ್ಲಿ ಪಡೆದೆ. ನಾಚಿಕೆಯಾಗಿದೆ.

೭. ಮೊದಲನೆಯದನ್ನು ಸಭೆಯಲ್ಲಿ ವಿವರಿಸಿದೆ. “ಬಾಯಿ, ಕೊಟ್ಟವರಿಗೆ ಏನೂ ತಿರುಗಿ ಮುಟ್ಟಬಾರದು. ಅದಕ್ಕ ದಾನ ಅಂತಾರ.”

“ಹಂಗಾರ ಅದು ದಾನ ಹೆಂಗಾತು?” ಎಂದರು ರೋಜಿಬಾಯಿ. “ಅದು ಕಳ್ಕೊಂಡಂಗ ಆತು.”

ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಉತ್ತರ ಹುಡುಕಿದೆ. ಸಿಗಲಿಲ್ಲ.

೮. ನಿಯಮ ಪಾಲಿಸಲೇಬೇಕೆಂಬ ಹಟದಿಂದ, ಕೌದಿಯನ್ನು ದಯವಿಟ್ಟು ವಾಪಸು ಕಳಿಸಿ ಎಂದು ತೊಂಬತ್ತಾರು ಜನರಿಗೂ ಪತ್ರ ಬರೆದೆ. ಮೂರೇ ಬಂದವು. ಆ ಮೂವರೂ ಒಳ್ಳೆಯ ಮನೆತನದವರಿರಬೇಕು, ಪೆಟ್ಟಿಗೆಯನ್ನು ಬರೀ ಕೌದಿಯೊಂದಿಗೆ ಕಳಿಸಿರಲಿಲ್ಲ. ಒಂದರಲ್ಲಿ ಕಾಫಿಪುಡಿ, ಒಂದರಲ್ಲಿ ಮೈಸೂರುಪಾಕು, ಒಂದರಲ್ಲಿ ಏಳು ಶಾಲಾ ಚೀಲಗಳಿದ್ದವು. ಈಗ ಆ ಮೂವರಿಗೆ ಅಕ್ಕಂದಿರು ದೊಡ್ಡ ಕೌದಿ ಹೊಲಿಯುತ್ತೇವೆಂದು ಕೂತಿದ್ದರು. ಸೂಜಿ ಕಸಿದುಕೊಂಡು ನನ್ನ ಮನೆಯ ಕಪಾಟಿನಲ್ಲಿಟ್ಟಿದ್ದೇನೆ. ಶಿವಮೊಗ್ಗದ ಜ್ಯೋತಿ ಎಂಬ ದಾನಿ ಬರೆದದ್ದು: ‘ನನ್ನ ಕೂಸು ಅದರ ಮೇಲೆ ಮಲಗಿದೆ. ಎಳೆದುಕೊಂಡು ಹೋಗುವ ಧೈರ್ಯವಿದ್ದರೆ ನೀವೇ ಬನ್ನಿ.’ ನನಗಿಲ್ಲ.

೯. ಕಾರಣ, ಸಂಜೀವಕುಮಾರ ಅವರು ಅದೇ ಫೋನಿನಲ್ಲಿ ಹೇಳಿಕೊಟ್ಟ ದಾರಿಯನ್ನೇ ಹಿಡಿದಿದ್ದೇವೆ. ವಿಳಾಸ ಬಳಸಿದ್ದಕ್ಕೆ ಕ್ಷಮೆ ಕೇಳಿ ಪತ್ರ ಬರೆದೆವು. ಎಂಬತ್ತೊಂಬತ್ತು ಜನ ‘ಅಭ್ಯಂತರವಿಲ್ಲ, ಕೌದಿಯ ಆಸೆಗೆ ಕೊಟ್ಟದ್ದೂ ಅಲ್ಲ’ ಎಂದು ಸಹಿ ಹಾಕಿದ್ದಾರೆ. ಉಳಿದವರ ಮಾಹಿತಿಯನ್ನು ತೆರಿಗೆ ಪಟ್ಟಿಯೊಂದನ್ನು ಬಿಟ್ಟು ಬೇರೆಲ್ಲ ಕಡೆಯಿಂದ ಅಳಿಸಿದ್ದೇನೆ. ಮುಂದೆ ಕೌದಿ ಮಾರುವುದಾದರೆ ಬೇರೆ ಪುಟ, ಬೇರೆ ಲೆಕ್ಕ, ಬೇರೆ ರಶೀದಿ. ಕೌದಿಗೆ ಬೆಲೆ ಹಚ್ಚಿ ಎಂದಿದ್ದಿರಿ. ಹರಿದ ಸೀರೆಗೆ ಸೊನ್ನೆ ಹಚ್ಚಿದ್ದೇನೆ. ಹೊಲಿದ ಕೈಗೆ ಏನು ಹಚ್ಚಬೇಕೆಂದು ತಿಳಿಯದೆ ಆ ಜಾಗ ಖಾಲಿ ಬಿಟ್ಟಿದ್ದೇನೆ. ತಮಗೆ ತಿಳಿದಿದ್ದರೆ ತುಂಬಿಕೊಳ್ಳುವುದು.

೧೦. ಸಲ್ಮಾನ ಮೇ ೩೧ರವರೆಗೆ ಮಾತ್ರ ಕಾಯುತ್ತಾರೆ. ಗಣೇಶಗುಡಿಯ ಹೋಂಸ್ಟೇಯವರೊಬ್ಬರು ಪ್ರವಾಸಿಗರನ್ನು ಹೊಳೆಗೆ ಒಯ್ಯಲು ಅದೇ ವ್ಯಾನಿಗೆ ಹೆಚ್ಚು ಕೊಡುತ್ತೇನೆಂದು ಕೂತಿದ್ದಾರೆ. “ಕಾಕಾ, ಮಕ್ಕಳಿಗಂತ ತಡದೇನಿ. ಆದ್ರ ನನ್ನ ಹೊಟ್ಟೀನೂ ಐತಲ್ಲ” ಎಂದಿದ್ದಾರೆ ಸಲ್ಮಾನ. ಅವರ ಮಾತಿನಲ್ಲಿ ತಪ್ಪಿಲ್ಲ. ಶಾಲೆ ಜೂನ್ ಒಂದಕ್ಕೆ ಶುರು.

ಆದ್ದರಿಂದ, ಮೇಲಿನ ಕಾರಣಗಳಿಂದ, ತಾವು ಪುಟದ ಬೀಗ ತೆಗೆದು, ಹಣವನ್ನು ನಮ್ಮ ಯಾರ ಕೈಗೂ ಕೊಡದೆ ನೇರ ಸಲ್ಮಾನ ಅವರ ಖಾತೆಗೇ ಹಾಕಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ, ಮೆಮೋ ಬಂದ ಮೇಲೂ,
ದುಂಡೇಶ ಬ. ಕಮ್ಮಾರ

ಅಡಕಗಳು:
೧) ನೋಂದಣಿ, ಪ್ಯಾನ್, ೧೨ಎ, ೮೦ಜಿ ಪ್ರತಿಗಳು.
೨) ದಾನಿಗಳ ಒಪ್ಪಿಗೆ ಪತ್ರಗಳು, ೮೯.
೩) ಸಲ್ಮಾನ ಅವರ ಕರಾರು ಪತ್ರ, ಬ್ಯಾಂಕ್ ವಿವರ.
೪) ಮೈಸೂರುಪಾಕು ಲಗತ್ತಿಸಿಲ್ಲ. ಸಭೆಯಲ್ಲಿ ಸರ್ವಾನುಮತದಿಂದ ವಿಲೇವಾರಿಯಾಗಿದೆ.

ವಿ.ಸೂ.: ಎರಡು ಸುತ್ತು ತೊಂಬತ್ತಾರು ಪತ್ರ ಬರೆದು ನನ್ನ ಬೆರಳು ಸೋತಿರುವುದರಿಂದ ಈ ಅರ್ಜಿಯ ಶುದ್ಧಪ್ರತಿಯನ್ನು ಕರಿಷ್ಮಾ ಬರೆದಿದ್ದಾಳೆ, ಬರೆಯುತ್ತಲೇ ನನ್ನ ಆರು ತಪ್ಪುಗಳನ್ನು ತಿದ್ದಿದ್ದಾಳೆ. ವ್ಯಾನು ಬರದಿದ್ದರೆ ಜೂನ್ ಒಂದರಿಂದ ತನಗೆ ದಿನವಿಡೀ ಬಿಡುವೆಂದೂ, ದಿನಕ್ಕೊಂದರಂತೆ ತಮಗೆ ಅರ್ಜಿ ಬರೆಯುವುದಾಗಿಯೂ ತಿಳಿಸಿದ್ದಾಳೆ. ಹುಡುಗಿ ಹೇಳಿದಂತೆ ಮಾಡುವವಳು. ಅವಳನ್ನು ತಡೆಯುವುದು ನನ್ನಿಂದಾಗದು, ಹೈಸ್ಕೂಲಿನಿಂದ ಮಾತ್ರ ಆದೀತು. ತಮ್ಮ ಕಚೇರಿಯ ಹಿತದೃಷ್ಟಿಯಿಂದ ತಕ್ಷಣ ಕ್ರಮ ಕೈಗೊಳ್ಳುವುದು.