ಲಕ್ಕಪ್ಪನ ಕಂಬ

ಬೇಲೂರಿನ ಮಗಳ ಮನೆಯಲ್ಲಿ ಲಕ್ಕಪ್ಪ ತೀರಿಕೊಂಡನೆಂಬ ಸುದ್ದಿ ಬಂದ ಬೆಳಿಗ್ಗೆ, ಜಾವಗಲ್ ರಸ್ತೆಯ ಸ್ಪಿರಿಟ್ ಕಾರ್ಖಾನೆಯಲ್ಲಿ ಉಮೇಶ ಉಕ್ಕಿನ ಉಂಗುರಗಳನ್ನು ತೊಳೆಯುತ್ತಾ ಅಳುತ್ತಿದ್ದ.

ಅಲ್ಲಿಯ ಬಟ್ಟಿ ಇಳಿಸುವ ಕಂಬ ತೆಂಗಿನ ಮರದೆತ್ತರ. ಅದರ ಹೊಟ್ಟೆ ತುಂಬ ಉಂಗುರಗಳು. ಅವುಗಳ ಮೈಮೇಲೆ ದ್ರವ ಇಳಿಯಬೇಕು, ಕೆಳಗಿನಿಂದ ಆವಿ ಏರಬೇಕು. ಎರಡೂ ತಾಗಿದಷ್ಟೂ ಸ್ಪಿರಿಟ್ ಶುದ್ಧ. ಮೂವತ್ತು ವರ್ಷ ಅದನ್ನು ನಡೆಸಿದವನು ಲಕ್ಕಪ್ಪ. ಉಮೇಶ ಅವನ ಶಿಷ್ಯ. ಸಂಜೆ ಮಾಲೀಕ ನಂಜಪ್ಪನವರಿಗೆ ನೂರಕ್ಕೆ ತೊಂಬತ್ತು ಪಾಲು ಶುದ್ಧ ಸ್ಪಿರಿಟ್ ತೆಗೆದು ತೋರಿಸಿದರೆ ಗುರುವಿನ ಕೆಲಸ ಅವನಿಗೆ ಕಾಯಂ.

"ಗುರುವಿನ ಸಾಮಾನು ಹಂಗೇ ಮುಟ್ತಾರೇನಪ್ಪಾ? ಎಣ್ಣೆ ಹಚ್ಚಿ ಕೈಮುಗಿ," ಎಂದಳು ಕಸ ಗುಡಿಸುವ ಕೆಂಪಲಕ್ಷ್ಮಮ್ಮ.

ಉಮೇಶ ಭಕ್ತಿಯಿಂದ ಒಂದೊಂದು ಉಂಗುರಕ್ಕೂ ಕೊಬ್ಬರಿ ಎಣ್ಣೆ ಸವರಿ ಕಂಬಕ್ಕೆ ತುಂಬಿದ. ಮಧ್ಯಾಹ್ನ ಅಳೆದರೆ ಎಪ್ಪತ್ತು!

"ಲಕ್ಕಪ್ಪ ಕಂಬದೊಳಗೆ ಸೇರ್ಕಂಡವ್ನೆ," ಎಂದ ಕಾವಲುಗಾರ ಕೆಂಚಯ್ಯ, ಸತ್ತವನ ಫೋಟೋವನ್ನು ಕಂಬಕ್ಕೆ ಕಟ್ಟಿದ. ಅವನಿಗೆ ಪ್ರಿಯವೆಂದು ಬೀಡಿ ಹಚ್ಚಿಡಲು ಹೊರಟಾಗ ಉಮೇಶ ಹೌಹಾರಿ ಕೈಹಿಡಿದ.

"ಸ್ಪಿರಿಟ್ ಕಣಣ್ಣೋ! ನಾವೂ ಅವ್ನ ಹಿಂದೇನೇ ಹೋಯ್ತೀವಿ!"

ಕಂಬದ ಗಾಜಿನ ಕಿಂಡಿಯಲ್ಲಿ ಇಣುಕಿದಾಗ ಉಮೇಶನಿಗೆ ಹೊಳೆಯಿತು. ದ್ರವವು ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಾಗಿ, ಮುನಿಸಿಕೊಂಡ ಅಳಿಯನಂತೆ ಯಾರನ್ನೂ ತಾಗದೆ ಜಾರುತ್ತಿತ್ತು. ಲಕ್ಕಪ್ಪ ಹೇಳುತ್ತಿದ್ದ: "ದ್ರವದ ಮೈಯಾಗೆ ಒಂದು ಬಿಗಿ ಐತೆ ಕಣ್ಲಾ. ಆ ಬಿಗಿ ಗೆದ್ರೆ ಹನಿ ಕಟ್ತದೆ, ಕಂಬ ಸೋಲ್ತದೆ. ಉಂಗುರದ ಮೈ ಪೂರ್ತಿ ಒದ್ದೆಯಾಗ್ಬೇಕು."

ಎಲ್ಲಾ ಆ ಎಣ್ಣೆಯ ಪಾಪ! ಉಮೇಶ ಕಂಬ ನಿಲ್ಲಿಸಿ, ಅಂಟುವಾಳದ ಕಾಯಿ ನೆನೆಸಿ ಕಿವುಚಿದ ನೀರನ್ನು ಒಳಗೆ ಹರಿಸಿದ. ನೊರೆ ಉಕ್ಕಿ ಕಂಬದ ತುದಿಯಿಂದ ಬೆಳ್ಳಗೆ ಇಳಿಬಿತ್ತು.

"ಬಂದ ನೋಡ್ರೋ ಲಕ್ಕಪ್ಪ! ಬಿಳಿ ಪಂಚೆ ಉಟ್ಕಂಡು ಡ್ಯೂಟಿಗೆ ಬಂದವ್ನೆ!" ಕೆಂಚಯ್ಯ ಉದ್ದಕ್ಕೆ ಅಡ್ಡಬಿದ್ದ.

ನೊರೆ ತೊಳೆದು ಮತ್ತೆ ನಡೆಸಿದಾಗ ದ್ರವ ಉಂಗುರಗಳ ಮೇಲೆ ಹಾಳೆಯಂತೆ ಹರಡಿತು. ಸಂಜೆ ಅಳತೆ ತೊಂಬತ್ತನ್ನೂ ದಾಟಿತು.

ನಂಜಪ್ಪನವರು ಕೆಂಚಯ್ಯನ ವರದಿ ಕೇಳಿ ಫೋಟೋಗೆ ಕೈಮುಗಿದು ಉಮೇಶನತ್ತ ತಿರುಗಿದರು. "ನೀನು ನಡೆಸಿದಾಗ ಎಪ್ಪತ್ತು. ಅವನು ಬಂದಮೇಲೆ ತೊಂಬತ್ತು!"

"ಅಯ್ಯೋ, ಎಣ್ಣೆ ಹಚ್ಚಿ ಕೆಡಿಸಿದ್ದು ನಾನೇ ಸ್ವಾಮಿ!"

"ನೋಡು, ನೀನೇ ಒಪ್ಕೊಂಡೆ. ಸತ್ತರೂ ಕೆಲಸ ಬಿಡದ ಮನುಷ್ಯ ಇರುವಾಗ ಆ ಜಾಗಕ್ಕೆ ಬೇರೆಯವರು ಯಾಕಪ್ಪಾ? ನೀನು ಅವನ ಕೈಕೆಳಗೇ ಇರು. ದಿನಾ ಫೋಟೋಗೆ ಹೂ ಹಾಕು."

ಎಲ್ಲರೂ ಹೋದಮೇಲೆ ಉಮೇಶ ವೆಂಕಟರಮಣನ ಗುಡಿಯಿರುವ ಮಾಲೇಕಲ್ಲು ಬೆಟ್ಟದ ದಿಕ್ಕಿಗೆ ತಿರುಗಿ ಕಣ್ಣೊರೆಸಿಕೊಂಡ.

"ವೆಂಕಟರಮಣಾ, ಮೂವತ್ತು ವರ್ಷ ದುಡಿದ ಜೀವ. ನನ್ನ ಗುರುವಿನ ಆತ್ಮಕ್ಕೆ ಶಾಂತಿ ಕೊಡಪ್ಪಾ. ಮತ್ತೆ ಡ್ಯೂಟಿಗೆ ಬರೋ ಆಸೆಯೇ ಹುಟ್ಟದಷ್ಟು ಶಾಂತಿ ಕೊಡು."